ಗಾಲಿಯ ಮೇಲೊಂದು ಪೋಲೋ

ನಮ್ಮ ಫೋರ್ಟ್ ವಿಭಾಗಕ್ಕೆ ಎರಡು ಮುಖಗಳುಂಟು. ಸೋಮವಾರದಿಂದ ಶನಿವಾರದವರೆಗೆ ಕಾಣುವ ಮುಖವು ಊರಿಗೆಲ್ಲ ಪರಿಚಿತವಾದುದು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದಲೂ ಚರ್ಚ್‌ಗೇಟಿನಿಂದಲೂ ಹೊರಟ ಜನಪ್ರವಾಹವು ಬೆಳಗ್ಗೆ ಕಚೇರಿಗಳನ್ನು ತುಂಬಿ, ಸಂಜೆ ಮತ್ತೆ ಬಂದ ದಾರಿಯಲ್ಲೇ ಹರಿದುಹೋಗುತ್ತದೆ. ನಡುವೆ ಕೈಗಾಡಿಗಳು, ಟ್ಯಾಕ್ಸಿಗಳು, ಊಟದ ಡಬ್ಬಿಗಳನ್ನು ತೂಗುಹಾಕಿಕೊಂಡ ಸೈಕಲ್ಲುಗಳು. ಬೋರಾ ಬಜಾರಿನಲ್ಲಿ ಹೆಜ್ಜೆಯಿಡಲು ಸ್ಥಳವಿರುವುದಿಲ್ಲ. ಎರಡನೆಯ ಮುಖವನ್ನು ಬಲ್ಲವರು ಇಲ್ಲಿಯೇ ವಾಸಿಸುವ ಕೆಲವರು ಮಾತ್ರ. ಅದು ಭಾನುವಾರದ ಮುಖ. ಅಂದು ಅಂಗಡಿ ಕಚೇರಿಗಳ ಬಾಗಿಲುಗಳು ಮುಚ್ಚಿರುತ್ತವೆ. ಬೀದಿಗಳು ನೀರಿಳಿದ ಹೊಳೆಯ ಪಾತ್ರದಂತೆ ಅಗಲವಾಗಿ, ನಿಶ್ಶಬ್ದವಾಗಿ ಬಿದ್ದಿರುತ್ತವೆ. ವಿದ್ಯಾರ್ಥಿ ಮಿತ್ರರೇ, ಆ ದಿನ ಈ ಬೀದಿಗಳ ಒಡೆತನ ನಿಮ್ಮದು. ಎರಡು ಇಟ್ಟಿಗೆಗಳನ್ನು ನಿಲ್ಲಿಸಿ ವಿಕೆಟ್ಟು ಮಾಡಿಕೊಂಡು ನೀವು ಆಡುವ ಕ್ರಿಕೆಟ್ಟನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ.

ಈ ವರ್ಷ ಮಳೆಗಾಲ ಮುಗಿದ ಮೇಲೆ ಕ್ರಿಕೆಟ್ಟಿನ ಜೊತೆಗೆ ಹೊಸದೊಂದು ಆಟ ಕಾಣಿಸಿಕೊಂಡಿತು. ನಾಲ್ಕು ಸೈಕಲ್ಲುಗಳು, ಮುರಿದ ಎರಡು ಹಾಕಿಕೋಲು, ಕೊಡೆಯ ಹಿಡಿಕೆಯೊಂದು, ಪೊರಕೆಯ ಕೋಲೊಂದು, ಒಂದು ಪ್ಲಾಸ್ಟಿಕ್ ಚೆಂಡು; ರಸ್ತೆಯ ಎರಡು ತುದಿಗಳಲ್ಲಿ ಜೋಡಿ ಜೋಡಿಯಾಗಿ ಇಟ್ಟ ಚಪ್ಪಲಿಗಳೇ ಗೋಲುಗಂಬಗಳು. ಎಡಗೈಯಲ್ಲಿ ಹ್ಯಾಂಡಲ್ಲು, ಬಲಗೈಯಲ್ಲಿ ಕೋಲು. ಸೈಕಲ್ಲಿನಿಂದ ಇಳಿಯದೆ ಚೆಂಡನ್ನು ಹೊಡೆದು ಚಪ್ಪಲಿಗಳ ನಡುವೆ ದಾಟಿಸಬೇಕು. "ಇದು ಯಾವ ಆಟವೋ?" ಎಂದು ಕೇಳಿದೆ. "ಪೋಲೋ ಸರ್! ಮೊಬೈಲಿನಲ್ಲಿ ನೋಡಿದೆವು. ಅವರಿಗೆ ಕುದುರೆ ಇದೆ, ನಮಗೆ ಸೈಕಲ್ಲು ಇದೆ" ಎಂದು ಏದುಸಿರು ಬಿಡುತ್ತ ಒಬ್ಬ ಉತ್ತರವಿತ್ತ.

ಉತ್ತರ ನನಗೆ ಬಹಳ ಹಿಡಿಸಿತು. ನಾನು ಹುಟ್ಟಿ ಬೆಳೆದುದು ಕುಂದಾಪುರದ ಕಡೆಯ ಒಂದು ಹಳ್ಳಿಯಲ್ಲಿ. ಓದಿದುದು ಅಲ್ಲಿನ ಕನ್ನಡ ಶಾಲೆಯಲ್ಲಿ. ನಮಗೂ ಕುದುರೆಯಿರಲಿಲ್ಲ. ಅಡಿಕೆಯ ತೋಟದಲ್ಲಿ ಬಿದ್ದ ಹಾಳೆಯೇ ನಮ್ಮ ವಾಹನ. ಅದರ ಅಗಲವಾದ ಭಾಗದಲ್ಲಿ ಒಬ್ಬನು ಕೂತುಕೊಳ್ಳುವುದು, ಗರಿಯ ತುದಿಯನ್ನು ಹಿಡಿದು ಇನ್ನೊಬ್ಬನು ಎಳೆಯುವುದು. ಕೊಯ್ಲಾದ ಗದ್ದೆಯಲ್ಲಿ ಹೀಗೆ ಎಳೆಸಿಕೊಳ್ಳುತ್ತಲೇ ತೆಂಗಿನ ಕೊತ್ತಳಿಗೆಯಿಂದ ಬಟ್ಟೆಯ ಚೆಂಡನ್ನು ಹೊಡೆಯುವುದೂ ಉಂಟು. ಹಾಳೆ ಹರಿದರೆ ತೋಟದಲ್ಲಿ ಮತ್ತೊಂದು ಬಿದ್ದಿರುತ್ತಿತ್ತು. ಬಿದ್ದವನ ಬೆನ್ನಿಗೆ ತರಚುಗಾಯವಾದರೆ ಕೊಬ್ಬರಿಯೆಣ್ಣೆ ಇತ್ತು. ಆ ಆಟಕ್ಕೆ ನಾವು ಹೆಸರನ್ನಿಟ್ಟಿರಲಿಲ್ಲ. ಅದಕ್ಕೂ ಪೋಲೋ ಎಂದು ಕರೆಯಬಹುದಿತ್ತೆಂಬುದು ಈಗ, ಮೂವತ್ತು ದಾಟಿದ ಮೇಲೆ, ಫೋರ್ಟಿನ ಹುಡುಗನೊಬ್ಬನ ಬಾಯಿಂದ ತಿಳಿದಂತಾಯಿತು.

ಆದರೆ ಹಾಳೆ ಬೇರೆ, ಸೈಕಲ್ಲು ಬೇರೆ. ಮೂರನೆಯ ಭಾನುವಾರವೇ ಅದು ರುಜುವಾತಾಯಿತು. ಇಬ್ಬರು ಎದುರುಬದುರು ದಿಕ್ಕುಗಳಿಂದ ಒಂದೇ ಚೆಂಡಿಗೆ ಧಾವಿಸಿದರು. ಒಬ್ಬನ ಕೋಲು ಇನ್ನೊಬ್ಬನ ಮುಂದಿನ ಗಾಲಿಯ ಕಡ್ಡಿಗಳೊಳಗೆ ಹೊಕ್ಕಿತು. ಗಾಲಿ ಥಟ್ಟನೆ ನಿಂತಿತು, ಸವಾರನು ನಿಲ್ಲಲಿಲ್ಲ. ಹ್ಯಾಂಡಲ್ಲಿನ ಮೇಲಿನಿಂದ ಹಾರಿ ಅಂಗೈಯೂರಿ ಬಿದ್ದ. ಮುಂಗೈಯ ಎಲುಬು ಬಿರಿಯಿತು. ಗಾಲಿ ಹಪ್ಪಳದಂತೆ ಬಾಗಿತು.

ಆ ಹುಡುಗ ಹತ್ತನೆಯ ತರಗತಿಯವನು. ಸೈಕಲ್ಲು ಅವನದಲ್ಲ, ಅವನ ಸೋದರಮಾವನದು. ಮಾವನವರು ಒಂದು ಖಾನಾವಳಿಯಿಂದ ಕಚೇರಿಗಳಿಗೆ ಊಟದ ಡಬ್ಬಿಗಳನ್ನು ತಲುಪಿಸುವ ಕೆಲಸದವರು. ನಾನು ಅವರ ಖೋಲಿಗೆ ಹೋದಾಗ ಹುಡುಗ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಗೋಡೆಗೊರಗಿ ಕೂತಿದ್ದ. ಮಾವನವರು ನನಗೆ ಚಹ ತರಿಸಿಕೊಟ್ಟು, ಮೆಲ್ಲನೆ ಹೇಳಿದರು: "ಕೈ ಒಂದೂವರೆ ತಿಂಗಳಲ್ಲಿ ಕೂಡುತ್ತದಂತೆ ಮಾಷ್ಟ್ರೇ. ಸೈಕಲ್ಲಿನ ರಿಮ್ಮು ಮಾತ್ರ ಹೊಸದೇ ಆಗಬೇಕಂತೆ." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಮೂರು ದಿನಗಳ ಕಾಲ ಅವರು ಡಬ್ಬಿಗಳನ್ನು ಹೊತ್ತುಕೊಂಡು ನಡೆದೇ ತಲುಪಿಸಿದರೆಂದು ಆಮೇಲೆ ಗೊತ್ತಾಯಿತು.

ಸೋಮವಾರ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಇದೇ ಮಾತು. ಆ ಆಟವನ್ನು ಕೂಡಲೇ ನಿಷೇಧಿಸಬೇಕೆಂದು ಕೆಲವರು. ಶಾಲೆಯ ಹೊರಗೆ, ರಜೆಯ ದಿನ ನಡೆದುದಕ್ಕೂ ನಮಗೂ ಏನು ಸಂಬಂಧವೆಂದು ಕೆಲವರು. ನಾನು ತರಗತಿಗೆ ಹೋಗಿ ವಿಷಯವನ್ನು ಎತ್ತಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಕ್ರಿಕೆಟ್ಟಿನಲ್ಲಿ ಏಟಾಗುವುದಿಲ್ಲವೇ ಸರ್? ಕುದುರೆಯಿಂದ ಬಿದ್ದರೆ ಇನ್ನೂ ಜೋರಾಗಿ ಬೀಳುವುದಿಲ್ಲವೇ? ಅದನ್ನು ಯಾರೂ ನಿಷೇಧಿಸಿಲ್ಲವಲ್ಲ!" ಎಂದ. ಉದ್ಧಟತನದ ಪ್ರಶ್ನೆಯಲ್ಲ, ನ್ಯಾಯವಾದ ಪ್ರಶ್ನೆ. ಅದಕ್ಕೆ ಒಂದು ಗದರಿಕೆಯಿಂದ ಉತ್ತರ ಕೊಟ್ಟುಬಿಡುವುದು ಸರಿಯಲ್ಲವೆನಿಸಿತು. ಒಂದು ವಾರದ ಅವಧಿ ಕೇಳಿದೆ. ಆ ವಾರದಲ್ಲಿ ಓದಿ ತಿಳಿದುದನ್ನೂ, ಅದರಿಂದ ಮುಂದೆ ನಡೆದುದನ್ನೂ ನಿಮ್ಮೆಲ್ಲರ ಮುಂದಿಡುವುದಕ್ಕಾಗಿ ಈ ಪ್ರಬಂಧ.

ಪೋಲೋ ನಮ್ಮ ದೇಶಕ್ಕೆ ಪರಕೀಯವಲ್ಲ. ಮಣಿಪುರದ ಜನ ಅದನ್ನು 'ಸಗೋಲ್ ಕಾಂಗ್ಜೈ' ಎಂಬ ಹೆಸರಿನಿಂದ ಬಹು ಹಿಂದಿನಿಂದಲೂ ಆಡುತ್ತ ಬಂದಿದ್ದಾರೆ. ಅಲ್ಲಿಂದ ಬಂದವರಿಂದ ಕಲಿತ ಚಹತೋಟದ ಆಂಗ್ಲರು 1859ರಲ್ಲಿ ಅಸ್ಸಾಮಿನ ಸಿಲ್ಚಾರಿನಲ್ಲಿ ಕ್ಲಬ್ಬು ಕಟ್ಟಿದರು. ಅಲ್ಲಿಂದ ಆಟವು ಕಲ್ಕತ್ತೆಗೂ ಇಂಗ್ಲೆಂಡಿಗೂ ಹೋಯಿತು. ಇದಕ್ಕೂ ಮುಂಚೆ ಪಾರಸಿಕರಲ್ಲಿ ಇದೇ ಬಗೆಯ ಆಟಕ್ಕೆ ಚೌಗಾನ್ ಎಂಬ ಹೆಸರಿತ್ತು. ದಿಲ್ಲಿಯ ಸುಲ್ತಾನ ಕುತುಬುದ್ದೀನ್ ಐಬಕನು 1210ರಲ್ಲಿ ಲಾಹೋರಿನಲ್ಲಿ ಸತ್ತುದು ರಣರಂಗದಲ್ಲಲ್ಲ, ಚೌಗಾನ್ ಆಡುವಾಗ ಕುದುರೆಯೊಡನೆ ಬಿದ್ದು. ಕುತುಬ್ ಮಿನಾರನ್ನು ಕಟ್ಟಿಸಲಾರಂಭಿಸಿದ ದೊರೆಯ ಕೊನೆ ಹೀಗಾಯಿತು. ಏಳೂವರೆ ಶತಮಾನಗಳು ಕಳೆದ ಮೇಲೆ, 1970ರ ಜೂನ್ ತಿಂಗಳಲ್ಲಿ, ಪೋಲೋದಲ್ಲಿ ವಿಶ್ವವಿಖ್ಯಾತರಾಗಿದ್ದ ಜಯಪುರದ ಎರಡನೆಯ ಸವಾಯಿ ಮಾನಸಿಂಗರು ಇಂಗ್ಲೆಂಡಿನ ಸೈರೆನ್‌ಸೆಸ್ಟರಿನಲ್ಲಿ ಪೋಲೋ ಆಡುತ್ತಿದ್ದಾಗಲೇ ತೀರಿಕೊಂಡರು. ಆದುದರಿಂದ ಹಿಂದಿನ ಬೆಂಚಿನ ಗೆಳೆಯನ ಮಾತು ನಿಜ: ಕುದುರೆಯ ಪೋಲೋ ಅಪಾಯವಿಲ್ಲದ ಆಟವಲ್ಲ.

ಹಾಗಿದ್ದೂ ಅದು ಇಷ್ಟು ಕಾಲ ಉಳಿದುದು ಹೇಗೆ? ಎರಡು ಕಾರಣಗಳು ನನಗೆ ತೋರುತ್ತವೆ. ಮೊದಲನೆಯದು ಕುದುರೆಯೇ. ಸವಾರನು ಚೆಂಡಿನ ಮೇಲೆ ಕಣ್ಣಿಟ್ಟು ಮೈಮರೆತಾಗಲೂ ಕುದುರೆ ಮೈಮರೆಯುವುದಿಲ್ಲ. ಎದುರಿಗೆ ಬರುವ ಇನ್ನೊಂದು ಕುದುರೆಯನ್ನು ಕಂಡರೆ ಅದು ಕಿವಿ ನಿಮಿರಿಸುತ್ತದೆ, ಹೆಜ್ಜೆ ತಪ್ಪಿಸುತ್ತದೆ. ಅದಕ್ಕೂ ಪ್ರಾಣಭಯವುಂಟು. ಎರಡನೆಯ ಕಾರಣ, ಆ ಆಟದ ಒಂದು ನಿಯಮ. ಚೆಂಡು ಯಾವ ದಿಕ್ಕಿನಲ್ಲಿ ಉರುಳುತ್ತಿದೆಯೋ ಆ ದಿಕ್ಕಿಗೆ ಒಂದು ಗೆರೆ ಎಳೆದಿದೆಯೆಂದು ಭಾವಿಸಿಕೊಳ್ಳಬೇಕು. ಆ ಗೆರೆಯನ್ನು ಹಿಡಿದು ಚೆಂಡನ್ನು ಬಲಗಡೆಗೆ ಇಟ್ಟುಕೊಂಡು ಬರುವವನಿಗೆ ದಾರಿಯ ಹಕ್ಕು. ಅವನ ಮುಂದೆ ಅಡ್ಡ ಬರುವುದು ದೊಡ್ಡ ತಪ್ಪು. ಗೋಲು ಹೋದರೂ ಚಿಂತೆಯಿಲ್ಲ, ಅಡ್ಡ ಬರಕೂಡದು. ಕೊಡತಿಯನ್ನು ಎಲ್ಲರೂ ಬಲಗೈಯಲ್ಲೇ ಹಿಡಿಯಬೇಕೆಂಬ ಕಟ್ಟಳೆಯ ಹಿಂದೆಯೂ ಇದೇ ವಿವೇಕವಿದೆ. ಇಬ್ಬರು ಎದುರುಬದುರು ಬಂದಾಗ ಇಬ್ಬರಿಗೂ ಚೆಂಡು ಬಲಗಡೆಗಿದ್ದರೆ ಅವರು ಒಬ್ಬರನ್ನೊಬ್ಬರು ಪಕ್ಕದಲ್ಲಿ ದಾಟಿಹೋಗುತ್ತಾರೆ. ಒಬ್ಬನು ಎಡಗೈಯವನಾದರೆ ಇಬ್ಬರ ದಾರಿಯೂ ಒಂದೇ ಆಗುತ್ತದೆ. ಎಡಚರಿಗೆ ಇದು ಅನ್ಯಾಯವೆಂದು ತೋರಬಹುದು. ಆದರೆ ರಸ್ತೆಯಲ್ಲಿ ಎಲ್ಲರೂ ಎಡಗಡೆಯೇ ಹೋಗಬೇಕೆನ್ನುವುದು ಹೇಗೋ ಇದೂ ಹಾಗೆಯೇ.

ಈಗ ಸೈಕಲ್ಲಿಗೆ ಬರೋಣ. ಸೈಕಲ್ಲಿನ ಮೇಲೆ ಪೋಲೋ ಆಡುವುದು ನಮ್ಮ ಬೀದಿಯ ಹುಡುಗರ ಕಲ್ಪನೆಯೆಂದು ನಾನು ತಿಳಿದಿದ್ದೆ. ಅದಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆಯಂತೆ! ಐರ್ಲೆಂಡಿನಲ್ಲಿ ಸೈಕಲ್ ಪತ್ರಿಕೆಯೊಂದರ ಸಂಪಾದಕನಾಗಿದ್ದ ರಿಚರ್ಡ್ ಮೆಕ್ರೆಡಿ ಎಂಬ ಹಳೆಯ ಪಂದ್ಯಗಾರನು 1891ರಲ್ಲಿ ಇದನ್ನು ಹುಟ್ಟುಹಾಕಿದ. 1908ರಲ್ಲಿ ಲಂಡನ್ ಒಲಿಂಪಿಕ್ಸಿನ ಸಂದರ್ಭದಲ್ಲಿ ಪ್ರದರ್ಶನಕ್ಕೆಂದು ಒಂದು ಪಂದ್ಯ ನಡೆದಾಗ ಐರ್ಲೆಂಡಿನವರು ಜರ್ಮನರನ್ನು ಮೂರಕ್ಕೆ ಒಂದು ಗೋಲಿನಿಂದ ಸೋಲಿಸಿದರು. ನಮ್ಮ ದೇಶದಲ್ಲಿಯೂ 1966ರಲ್ಲಿ ಸೈಕಲ್ ಪೋಲೋ ಒಕ್ಕೂಟ ಸ್ಥಾಪನೆಯಾಯಿತು. ರಾಜಸ್ಥಾನದಲ್ಲಿಯೂ ಸೈನ್ಯದ ದಳಗಳಲ್ಲಿಯೂ ಈ ಆಟ ಬೇರೂರಿತು. ಈಚೆಗೆ, ಸುಮಾರು 2000ದ ಹೊತ್ತಿಗೆ, ಅಮೆರಿಕದ ಸಿಯಾಟಲ್ ನಗರದಲ್ಲಿ ಸೈಕಲ್ಲಿನ ಮೇಲೆ ಕಾಗದಪತ್ರಗಳನ್ನು ಹಂಚುವ ತರುಣರು ಬಿಡುವಿನ ವೇಳೆಯಲ್ಲಿ ಗಟ್ಟಿನೆಲದ ಮೇಲೆ, ಪಕ್ಷಕ್ಕೆ ಮೂವರಂತೆ ಇದನ್ನಾಡಲು ಆರಂಭಿಸಿದರು. ಅಲ್ಲಿಂದ ಅದು ಊರೂರಿಗೆ ಹಬ್ಬಿತು. ಈ ಕೊನೆಯ ವಿಷಯವನ್ನು ತರಗತಿಯಲ್ಲಿ ಹೇಳಿದಾಗ ನಮ್ಮ ಹುಡುಗರ ಮುಖಗಳು ಅರಳಿದವು. ಡಬ್ಬಿ ಹಂಚುವ ಸೈಕಲ್ಲಿಗೂ ಕಾಗದ ಹಂಚುವ ಸೈಕಲ್ಲಿಗೂ ದಾಯಾದಿ ಸಂಬಂಧವಿದೆಯಲ್ಲವೇ?

ಆದರೆ ಸೈಕಲ್ಲಿಗೆ ಕುದುರೆಯ ಕಣ್ಣಿಲ್ಲ, ಕುದುರೆಯ ಭಯವೂ ಇಲ್ಲ. ಸವಾರನು ಗೋಡೆಗೆ ತಿರುಗಿಸಿದರೆ ಅದು ಗೋಡೆಗೇ ಹೋಗುತ್ತದೆ. ಎಂದ ಮೇಲೆ ಸೈಕಲ್ಲಿನ ಪಾಲಿನ ಭಯವನ್ನೂ ಸವಾರನೇ ಹೊರಬೇಕು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಂಟೆಗೆ 15 ಕಿಲೋಮೀಟರಿನ ವೇಗ ಸೈಕಲ್ಲಿಗೆ ಏನೂ ಹೆಚ್ಚಲ್ಲ. ಇಬ್ಬರು ಆ ವೇಗದಲ್ಲಿ ಎದುರುಬದುರು ಬಂದರೆ ಅವರ ನಡುವಣ ದೂರವು ಗಂಟೆಗೆ 30 ಕಿಲೋಮೀಟರಿನಂತೆ ಕುಗ್ಗುತ್ತದೆ. ಹತ್ತು ಮೀಟರು ದೂರವಿದ್ದಾಗ ಒಬ್ಬರನ್ನೊಬ್ಬರು ಕಂಡರೆ, ಕಂಡು, ಯೋಚಿಸಿ, ತಿರುಗಿಸುವುದಕ್ಕೆ ಸಿಕ್ಕುವ ಕಾಲ ಒಂದೂಕಾಲು ಸೆಕೆಂಡಿಗಿಂತಲೂ ಕಡಿಮೆ. ಇನ್ನೊಂದು ಮಾತು: ವೇಗ ಎರಡರಷ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕರಷ್ಟಾಗುತ್ತದೆ. ಇದು ನಿಮ್ಮ ವಿಜ್ಞಾನದ ಪುಸ್ತಕದಲ್ಲಿರುವ ಸೂತ್ರವೇ. ಅದು ಪರೀಕ್ಷೆಗೆ ಮಾತ್ರವೆಂದು ತಿಳಿದಿದ್ದರೆ ಈಗ ತಿದ್ದಿಕೊಳ್ಳಿರಿ.

ಬ್ರೇಕಿನ ವಿಚಾರವೂ ಉಂಟು. ನಮ್ಮ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈಯ ಬ್ರೇಕು ಮುಂದಿನ ಗಾಲಿಗೆ, ಎಡಗೈಯದು ಹಿಂದಿನ ಗಾಲಿಗೆ. ಬಲಗೈಯಲ್ಲಿ ಕೋಲಿದ್ದರೆ ಸವಾರನ ವಶದಲ್ಲಿ ಉಳಿಯುವುದು ಹಿಂದಿನ ಬ್ರೇಕು ಮಾತ್ರ. ಅದು ಸೈಕಲ್ಲನ್ನು ಮಗುಚಿಸುವುದಿಲ್ಲ, ಒಳ್ಳೆಯದೇ. ಆದರೆ ಬೇಗನೆ ನಿಲ್ಲಿಸುವುದೂ ಇಲ್ಲ. ಎಲ್ಲಕ್ಕಿಂತ ಕೆಟ್ಟ ಶತ್ರುವೆಂದರೆ ಗಾಲಿಯ ಕಡ್ಡಿಗಳ ನಡುವಣ ಬಯಲು. ಅದರೊಳಗೆ ಕೋಲು ಹೊಕ್ಕರೆ ಏನಾಗುವುದೆಂಬುದನ್ನು ನಾವೇ ಕಂಡೆವು. ಗಟ್ಟಿನೆಲದ ಪೋಲೋ ಆಡುವವರಲ್ಲಿ ಅನೇಕರು ಈ ಕಾರಣಕ್ಕಾಗಿಯೇ ಗಾಲಿಗೆ ಹಲಗೆಯಂಥ ಮುಚ್ಚಳವನ್ನು ಕಟ್ಟಿಕೊಳ್ಳುತ್ತಾರೆ, ಒಂದೇ ಕೈಯಿಂದ ಎರಡು ಬ್ರೇಕುಗಳೂ ಹಿಡಿಯುವಂತೆ ಮಾಡಿಕೊಳ್ಳುತ್ತಾರೆ.

ವಾಹನಕ್ಕೆ ಎಂಜಿನ್ನು ಬಂದರೆ ಏನಾಗುತ್ತದೆ? ಅದನ್ನೂ ಮನುಷ್ಯ ಮಾಡಿ ನೋಡಿದ್ದಾನೆ. ಅಮೆರಿಕದ ಕನ್ಸಾಸ್ ಪ್ರಾಂತದ ರಾಲ್ಫ್ ಹ್ಯಾಂಕಿನ್ಸನ್ ಎಂಬ ಫೋರ್ಡ್ ಕಾರಿನ ವ್ಯಾಪಾರಿಗೆ 1911ರ ಸುಮಾರಿಗೆ ಒಂದು ಉಪಾಯ ಹೊಳೆಯಿತು. ತನ್ನ ಕಾರುಗಳು ಎಷ್ಟು ಗಟ್ಟಿಯೆಂದು ಜನರಿಗೆ ತೋರಿಸಲು ಅವುಗಳ ಮೇಲೆ ಪೋಲೋ ಆಡಿಸಿದರಾಯಿತು! 1912ರ ಜುಲೈಯಲ್ಲಿ ವಿಚಿಟಾ ಪಟ್ಟಣದ ಹುಲ್ಲುಗಾವಲಿನಲ್ಲಿ ನಾಲ್ಕು ಕಾರುಗಳು, ಎಂಟು ಮಂದಿ ಆಟಗಾರರು ಸೇರಿದರು. ನೋಡಲು ಸಾವಿರಾರು ಜನ ನೆರೆದರು. ಪ್ರತಿ ಕಾರಿನಲ್ಲಿ ಒಬ್ಬ ಚಾಲಕ, ಪಕ್ಕಕ್ಕೆ ಜೋತುಬಿದ್ದು ಕೊಡತಿ ಬೀಸುವವನೊಬ್ಬ. ಕಾರಿಗೆ ಛಾವಣಿಯಿಲ್ಲ, ಬಾಗಿಲಿಲ್ಲ, ಮುಂದಿನ ಗಾಜಿಲ್ಲ. ಚೆಂಡು ಬಾಸ್ಕೆಟ್‌ಬಾಲಿನಷ್ಟು ದೊಡ್ಡದು. ತೀರ್ಪುಗಾರನು ಈ ಗದ್ದಲದ ನಡುವೆ ಕಾಲ್ನಡೆಯಲ್ಲಿ ಓಡಾಡುತ್ತಿದ್ದನಂತೆ. ಅವನ ಧೈರ್ಯಕ್ಕೆ ಬಹುಮಾನ ಕೊಡಬೇಕಾಗಿತ್ತು. 1924ರ ಒಂದೇ ವರ್ಷದಲ್ಲಿ ಹ್ಯಾಂಕಿನ್ಸನ್ನನ ತಂಡಗಳ ಕಾರುಗಳಿಗಾದ ನಷ್ಟದ ಲೆಕ್ಕ ಹೀಗಿದೆ: ಮುರಿದ ಗಾಲಿಗಳು 1564, ಒಡೆದ ಟಯರುಗಳು 538, ತುಂಡಾದ ಅಚ್ಚುಗಳು 66, ಬಿರುಕುಬಿಟ್ಟ ಎಂಜಿನ್ನುಗಳು 10, ಪೂರ್ತಿ ನಾಶವಾದ ಕಾರುಗಳು 6. ಜನರು ಬಂದುದು ಗೋಲು ನೋಡಲು ಹೌದೋ ಅಲ್ಲವೋ, ಡಿಕ್ಕಿ ನೋಡಲಂತೂ ಹೌದು. ಆ ದಶಕ ಮುಗಿಯುವಷ್ಟರಲ್ಲಿ ಆಟವೂ ಇಳಿಮುಖವಾಯಿತು. ಒಡೆದ ಕಾರುಗಳ ಬೆಲೆಯನ್ನು ತೆತ್ತುಕೊಂಡು ಅದನ್ನು ಬಹುಕಾಲ ನಡೆಸುವುದು ಯಾರಿಂದಲೂ ಆಗಲಿಲ್ಲ.

ಎಂಜಿನ್ನಿಗೆ ಭಯವಿಲ್ಲವೆಂದು ಆನೆಯನ್ನು ಹಿಡಿದವರೂ ಇದ್ದರು. 1982ರಲ್ಲಿ ನೇಪಾಳದಲ್ಲಿ ಆನೆಪೋಲೋದ ಸಂಸ್ಥೆ ಹುಟ್ಟಿತು. ಮಾವುತನೊಬ್ಬ ನಡೆಸಿದರೆ ಹಿಂದೆ ಕೂತವನು ಬಲು ಉದ್ದದ ಕೋಲಿನಿಂದ ಚೆಂಡನ್ನು ಹೊಡೆಯಬೇಕು. ಆನೆಗೆ ಭಯಕ್ಕಿಂತ ಹೆಚ್ಚಾಗಿ ಇನ್ನೊಂದು ಗುಣವುಂಟು, ಕೋಪ. 2007ರಲ್ಲಿ ಸಿಂಹಳದ ಗಾಲ್ ನಗರದಲ್ಲಿ ಪಂದ್ಯದ ನಡುವೆ ಆನೆಯೊಂದು ರೊಚ್ಚಿಗೆದ್ದು, ಆಟಗಾರರನ್ನು ಗಾಯಗೊಳಿಸಿ, ಪಕ್ಕದಲ್ಲಿ ನಿಂತಿದ್ದ ಬಸ್ಸೊಂದನ್ನು ಜಜ್ಜಿಹಾಕಿತು. ಅಲ್ಲಿ ಆನೆಯ ಆಟ ನಿಂತಿತು. ಆಮೇಲೆ, 2016ರಲ್ಲಿ, ಅದೇ ಗಾಲ್ ನಗರದಲ್ಲಿ ಆನೆಗಳಿಗೆ ಬದಲಾಗಿ ಆಟೋರಿಕ್ಷಾಗಳ ಮೇಲೆ ಪೋಲೋ ನಡೆಸಿದರು! ಚಾಲಕನು ಮುಂದೆ, ಕೋಲು ಹಿಡಿದವನು ಹಿಂದೆ. ಆಟೋರಿಕ್ಷಾ ಸಿಟ್ಟಾಗುವುದಿಲ್ಲವೆಂಬುದು ದೊಡ್ಡ ಸಮಾಧಾನ. ನಮ್ಮ ಮುಂಬಯಿಯಲ್ಲಿ ಆಟೋರಿಕ್ಷಾಗಳು ಬಾಂದ್ರಾ, ಸಯನ್‌ಗಳನ್ನು ದಾಟಿ ಈಚೆಗೆ ಬರುವಂತಿಲ್ಲ; ಆದುದರಿಂದ ಫೋರ್ಟಿನ ಹುಡುಗರಿಗೆ ಈ ಆಟದ ಆಸೆ ಬೇಡ. ನಿಂತುಕೊಂಡೇ ಓಡಿಸುವ ಸೆಗ್ವೇ ಎಂಬ ಎರಡು ಗಾಲಿಯ ಯಂತ್ರದ ಮೇಲೂ ಪೋಲೋ ಆಡಿದವರುಂಟು. ಆಪಲ್ ಕಂಪ್ಯೂಟರಿನ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಅದರ ಆಟಗಾರರು. 2006ರಿಂದ ಅವರ ಹೆಸರಿನಲ್ಲೊಂದು ಪಂದ್ಯಾವಳಿಯೂ ನಡೆಯಿತು. ಒಟ್ಟಿನಲ್ಲಿ, ಮನುಷ್ಯನ ಕೈಗೆ ಒಂದು ಕೋಲನ್ನು ಕೊಟ್ಟು, ಚಲಿಸುವ ಯಾವುದಾದರೊಂದರ ಮೇಲೆ ಕೂರಿಸಿದರೆ ಅವನು ಚೆಂಡನ್ನು ಹುಡುಕುವುದು ನಿಶ್ಚಯವೆಂದು ತೋರುತ್ತದೆ.

ಇಷ್ಟೆಲ್ಲ ದೇಶ ಸುತ್ತಿದ ಮೇಲೆ ನಾನು ತಿರುಗಿ ನಮ್ಮ ಫೋರ್ಟಿಗೇ ಬಂದುದು ಒಂದು ವಿಚಿತ್ರವಾದ ದಾರಿಯಿಂದ. ಈ ವಿಭಾಗಕ್ಕೆ ಹೆಸರು ಕೊಟ್ಟ ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿ ಕೆಡವಿದರು. ಗೋಡೆಯ ಹೊರಗೆ ಎಸ್ಪ್ಲನೇಡ್ ಎಂಬ ವಿಶಾಲವಾದ ಬಯಲಿತ್ತು. ಇಂದಿನ ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್, ಕೂಪರೇಜ್ ಎಲ್ಲವೂ ಅದರ ತುಂಡುಗಳೇ. ಅಲ್ಲಿ ಪಾರ್ಸಿ ಹುಡುಗರೂ ಹಿಂದೂ ಹುಡುಗರೂ ಕ್ರಿಕೆಟ್ ಆಡುತ್ತಿದ್ದರು. ಅದೇ ಬಯಲಿನಲ್ಲಿ ಜಿಮಖಾನದ ಯುರೋಪಿಯನ್ನರು ವಾರದ ಕೆಲವು ಸಂಜೆ ಪೋಲೋ ಆಡುತ್ತಿದ್ದರು. ಅವರ ಕುದುರೆಗಳ ಗೊರಸುಗಳಿಂದ ಹುಲ್ಲು ಕಿತ್ತುಹೋಗಿ ನೆಲವೆಲ್ಲ ಗುಂಡಿಬೀಳುತ್ತಿತ್ತು. ಗುಂಡಿಯ ಮೇಲೆ ಬಿದ್ದ ಕ್ರಿಕೆಟ್ ಚೆಂಡು ಯಾವ ಕಡೆಗೆ ಚಿಮ್ಮುವುದೋ, ಯಾರ ಮೊಗಕ್ಕೆ ಬಡಿಯುವುದೋ! ಕುದುರೆಯವರಿಗೆ ಆಡಲು ಜಿಮಖಾನದ ಸ್ವಂತ ನೆಲವೂ ಇತ್ತು. ಅದರೊಳಕ್ಕೆ ಮಾತ್ರ ದೇಶೀಯರಿಗೆ ಪ್ರವೇಶವಿರಲಿಲ್ಲ. 1881ರಲ್ಲಿ ಈ ಕ್ರಿಕೆಟ್ ಹುಡುಗರು ನೂರಾರು ಸಹಿಗಳನ್ನು ಕೂಡಿಸಿ ಸರಕಾರಕ್ಕೆ ಮನವಿ ಕಳಿಸಿದರು. ಪೋಲೋವನ್ನು ಕೆಲಕಾಲ ಬೇರೆಡೆಗೆ ಸಾಗಿಸಿದರು, ಮತ್ತೆ ಬರಗೊಟ್ಟರು. ಜಗಳ ಎಷ್ಟೋ ವರ್ಷ ಎಳೆಯಿತು. ಅದರಲ್ಲಿ ಮುಂದಾಳಾಗಿದ್ದ ಶಾಪೂರ್ಜಿ ಸೊರಾಬ್ಜಿ ಎಂಬವರು 1897ರಲ್ಲಿ ಆ ಹೋರಾಟದ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದರು. ಮುಂದೆ ಪಾರ್ಸಿ, ಹಿಂದೂ, ಇಸ್ಲಾಂ ಜಿಮಖಾನಗಳಿಗೆ ಕಡಲ ದಂಡೆಯಲ್ಲಿ ಪ್ರತ್ಯೇಕ ಸ್ಥಳಗಳು ದೊರೆತವು. ಮರೀನ್ ಲೈನ್ಸಿನ ಕಡೆ ಹೋದಾಗ ನೀವು ಅವನ್ನು ಕಂಡಿರಬಹುದು.

ಈ ಕಥೆಯನ್ನು ಓದಿದಾಗ ಹಿಂದಿನ ಬೆಂಚಿನ ಪ್ರಶ್ನೆಗೆ ಉತ್ತರ ಸಿಕ್ಕಿತೆನಿಸಿತು. ಆಟದಲ್ಲಿ ಅಪಾಯವಿದೆಯೇ ಎಂದು ಕೇಳಿದರೆ ಸಾಲದು. ಯಾರ ಅಪಾಯ, ಯಾರ ನಷ್ಟ ಎಂದೂ ಕೇಳಬೇಕು. ಮಹಾರಾಜನ ಕುದುರೆ ಕುಂಟಾದರೆ ಲಾಯದಲ್ಲಿ ಬೇರೆ ಕುದುರೆಗಳಿರುತ್ತವೆ. ಕಾರಿನ ವ್ಯಾಪಾರಿಗೆ ಮುರಿದ ಸಾವಿರದೈನೂರು ಗಾಲಿಗಳೂ ಜಾಹೀರಾತಿನ ಖರ್ಚೇ. ಆದರೆ ಎಸ್ಪ್ಲನೇಡಿನಲ್ಲಿ ಆಟವಾಡಿದವರು ಒಬ್ಬರು, ಗುಂಡಿಯಲ್ಲಿ ಎಡವಿದವರು ಇನ್ನೊಬ್ಬರು. ಅದು ನ್ಯಾಯವಲ್ಲವೆಂದೇ ಆ ಹುಡುಗರು ಅರ್ಜಿ ಬರೆದರು. ನಮ್ಮ ಬೀದಿಯ ಆಟದಲ್ಲಿಯೂ ಹಾಗೆಯೇ ಆಯಿತಲ್ಲವೇ? ಆಡಿದವರು ಹುಡುಗರು. ಮೂರು ದಿನ ಡಬ್ಬಿ ಹೊತ್ತು ನಡೆದವರು ಆಟವನ್ನು ನೋಡಿಯೂ ಇರದ ಮಾವನವರು. ಬಿದ್ದವನ ನೋವಿನಲ್ಲಿ ಸ್ವಲ್ಪ ಅವನ ಇಷ್ಟವೂ ಸೇರಿತ್ತು. ಮಾವನವರ ನೋವಿನಲ್ಲಿ ಅವರ ಇಷ್ಟದ ಸುಳಿವೂ ಇರಲಿಲ್ಲ.

ವಾರದ ಕೊನೆಯಲ್ಲಿ ಇದನ್ನೆಲ್ಲ ತರಗತಿಯಲ್ಲಿ ಹೇಳಿದೆ. ನಿಷೇಧವೋ ಅನುಮತಿಯೋ ಎಂದು ತೀರ್ಪು ಕೊಡಲಿಲ್ಲ. "ಆಡಬೇಕೆಂದಿದ್ದರೆ ನಿಯಮಗಳನ್ನು ನೀವೇ ಬರೆದು ತನ್ನಿರಿ. ಮುಖ್ಯೋಪಾಧ್ಯಾಯರ ಮುಂದೆ ನಾನೇ ಓದುತ್ತೇನೆ" ಎಂದೆ. ಎರಡು ದಿನ ಮಧ್ಯಾಹ್ನದ ಬಿಡುವಿನಲ್ಲಿ ಜಗಳವೋ ಜಗಳ. ಕೊನೆಗೆ ಒಂದು ಹಾಳೆಯ ಮೇಲೆ ಐದು ನಿಯಮಗಳು ಬಂದವು.

ಆಟವು ಶಾಲೆಯ ಅಂಗಳದಲ್ಲಿ ಶನಿವಾರ ಪಾಠ ಮುಗಿದ ಮೇಲೆ ಮಾತ್ರ ನಡೆಯಬೇಕು, ಬೀದಿಯಲ್ಲಲ್ಲ. ಎಲ್ಲರೂ ಬಲಗೈಯಲ್ಲೇ ಕೋಲು ಹಿಡಿಯಬೇಕು, ಚೆಂಡಿನ ಗೆರೆಗೆ ಅಡ್ಡ ಬಂದವನು ಎರಡು ನಿಮಿಷ ಹೊರಗೆ ಕೂರಬೇಕು. ಕೋಲು ಹೆಗಲಿನಿಂದ ಮೇಲಕ್ಕೆ ಏಳಕೂಡದು. ಮುಂದಿನ ಗಾಲಿಗೆ ಎರಡೂ ಬದಿಯಲ್ಲಿ ದಪ್ಪ ರಟ್ಟಿನ ಬಿಲ್ಲೆಯನ್ನು ಬಿಗಿಯಾಗಿ ಕಟ್ಟಿರಬೇಕು. ತಲೆಗೆ ಹೆಲ್ಮೆಟ್ಟಿಲ್ಲದವನೂ, ಸೈಕಲ್ಲಿನ ಎಡಗೈ ಬ್ರೇಕು ಹಿಡಿಯದವನೂ ಅಂಗಳಕ್ಕೆ ಇಳಿಯಕೂಡದು.

ಹಾಳೆಯನ್ನು ಮಡಚುವಷ್ಟರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಇನ್ನೊಂದು ಸೇರಿಸಬೇಕು" ಎಂದಳು. ಅವಳು ಹೇಳಿದುದು ಹೀಗೆ: ಮನೆಯಲ್ಲಿ ಯಾರ ದುಡಿಮೆಗಾದರೂ ಬೇಕಾದ ಸೈಕಲ್ಲನ್ನು ಆಟಕ್ಕೆ ತರಕೂಡದು, ಆಟದ ಸೈಕಲ್ಲಿಗೆ ಆದ ಹಾನಿಯನ್ನು ಆಡುವವರೆಲ್ಲರೂ ಸಮನಾಗಿ ಭರಿಸಬೇಕು. ಕೊಠಡಿಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಆ ಆರನೆಯ ನಿಯಮವನ್ನು ಎಲ್ಲಕ್ಕಿಂತ ಮೇಲೆ, ಮೊದಲನೆಯದಾಗಿ ಬರೆದರು. ನಾನು ಒಂದು ವಾರ ಓದಿ ಕಂಡುಕೊಂಡುದನ್ನು ಅವಳು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಿದ್ದಳು. ಹುಡುಗಿಯರಿಗೂ ಆಟದಲ್ಲಿ ಸ್ಥಾನವಿರಬೇಕೆಂದು ಅವಳು ಅನಂತರ ವಾದಿಸಿದಾಗ ಎದುರಾಡುವ ಧೈರ್ಯ ಯಾರಿಗೂ ಉಳಿದಿರಲಿಲ್ಲ.

ಬಿಸ್ಕತ್ತಿನ ಡಬ್ಬಿಯೊಂದಕ್ಕೆ ಸೀಳು ಕೊರೆದು ಹುಂಡಿ ಮಾಡಿದರು. ಅದರಲ್ಲಿ ಕೂಡಿದ ಮೊದಲ ಹಣ ಹೊಸ ಚೆಂಡಿಗೆ ಹೋಗಲಿಲ್ಲ. ಮಾವನವರ ಸೈಕಲ್ಲಿನ ರಿಮ್ಮಿಗೆ ಹೋಯಿತು. ಸಾಲದೆ ಬಂದುದನ್ನು ನಾವು ಕೆಲವು ಅಧ್ಯಾಪಕರು ತುಂಬಿದೆವು. ಮುಖ್ಯೋಪಾಧ್ಯಾಯರು ಹಾಳೆಯನ್ನು ಎರಡು ಸಲ ಓದಿ, ಕೆಳಗೆ ಸಹಿ ಹಾಕಿ, ಸೂಚನಾಫಲಕಕ್ಕೆ ಅಂಟಿಸಲು ಹೇಳಿದರು.

ಈಗ ಶನಿವಾರಗಳಂದು ನಮ್ಮ ಅಂಗಳದಲ್ಲಿ ನಾಲ್ಕು ಸೈಕಲ್ಲುಗಳು ಸುತ್ತುತ್ತವೆ. ರಟ್ಟಿನ ಬಿಲ್ಲೆಗಳ ಮೇಲೆ ಹುಡುಗರು ಹುಲಿಯ ಮುಖ, ಯಕ್ಷಗಾನದ ಕಿರೀಟ ಮುಂತಾದುವನ್ನು ಬರೆದುಕೊಂಡಿದ್ದಾರೆ. ಬೀಳುವುದು ಪೂರ್ತಿ ನಿಂತಿದೆಯೆಂದು ನಾನು ಹೇಳಲಾರೆ. ಮೊಣಕಾಲು ತರಚುವುದು ವಾರಕ್ಕೊಂದಾದರೂ ಉಂಟು. ಬಿದ್ದವನನ್ನು ಎತ್ತಲು ಎರಡು ಪಕ್ಷದವರೂ ಸೈಕಲ್ಲು ಬಿಟ್ಟು ಓಡಿಬರುತ್ತಾರೆ. ಮಿತ್ರರೇ, ಅಪಾಯವೇ ಇಲ್ಲದ ಬಾಳು ಯಾರಿಗೂ ದೊರೆಯದು. ದೊರೆತರೂ ಅದರಲ್ಲಿ ಸ್ವಾರಸ್ಯವಿರದು. ನಿಮ್ಮ ಧೈರ್ಯಕ್ಕೆ ಬೆಲೆ ತೆರುವವರು ನೀವೇ ಆಗಿರಬೇಕು, ಮನೆಯಲ್ಲಿ ದುಡಿಯುವವರಾಗಬಾರದು. ಇಷ್ಟನ್ನು ನೆನಪಿಟ್ಟುಕೊಂಡರೆ ಆಟದ ಅಂಗಳದಲ್ಲಿ ಮಾತ್ರವಲ್ಲ, ಮುಂದೆ ನೀವು ಇಳಿಯುವ ಯಾವ ಅಂಗಳದಲ್ಲಿಯೂ ಅದು ನಿಮ್ಮ ಕೈ ಹಿಡಿದೀತು.

ಕೈಮುರಿದ ಹುಡುಗನ ಪ್ಲಾಸ್ಟರು ಬಿಚ್ಚಿ ಬಹಳ ದಿನಗಳಾದವು. ಈಗ ಅವನು ಆಡುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಸೀಟಿ ಊದುವ ತೀರ್ಪುಗಾರನಾಗಿದ್ದಾನೆ, ಬಹಳ ಕಟ್ಟುನಿಟ್ಟಿನವನು. ಕಳೆದ ತಿಂಗಳು ಒಂದು ಶನಿವಾರ ಅವನ ಮಾವನವರು ಖಾಲಿ ಡಬ್ಬಿಗಳೊಡನೆ ಹಿಂದಿರುಗುತ್ತ ಶಾಲೆಯ ಗೇಟಿನ ಹತ್ತಿರ ನಿಂತರು. ನಾನು ಒಳಕ್ಕೆ ಕರೆದೆ. ಅವರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಬೀಗ ಹಾಕಿ, ಬೀಗದಕೈಯನ್ನು ಅಂಗಿಯ ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡು ಒಳಗೆ ಬಂದರು. ಆಟ ಮುಗಿಯುವವರೆಗೂ ನಗುತ್ತ ನೋಡಿದರು. ಒಂದು ಕೈ ಮಾತ್ರ ಆ ಜೇಬಿನ ಮೇಲೆಯೇ ಇತ್ತು.